ಎಡಗಡೆ ಅಂದರೆ ಯಾವ ಕಡೆ

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕೇಳಿದರೆ ಯಾರೂ ಮನೆ ತೋರಿಸುವುದಿಲ್ಲ. ‘ಎಡಚ ಬಡಗಿ’ ಎಂದರೆ ಸಾಕು, ಬೇಕರಿಯವನು ಗಿರಾಕಿಗಳನ್ನು ಬಿಟ್ಟು ಮೂಲೆಯವರೆಗೆ ಬಂದು ದಾರಿ ತೋರಿಸುತ್ತಾನೆ. ಬಾಗಿಲು, ಕಿಟಕಿ, ಕಪಾಟು, ಕಾಲು ಮುರಿದ ಸ್ಟೂಲು, ಏನು ಕೊಟ್ಟರೂ ಹೇಳಿದ ದಿನಕ್ಕೆ ಮಾಡಿಕೊಡುವವನು. ಬಡಗಿಯೊಬ್ಬ ಹೇಳಿದ ದಿನಕ್ಕೆ ಕೆಲಸ ಮುಗಿಸುತ್ತಾನೆ ಎಂದರೆ ನಂಬುವುದು ಕಷ್ಟವೇ. ನಂಬದವರು ಹೋಗಿ ಒಂದು ಸ್ಟೂಲು ಮಾಡಿಸಿಕೊಂಡು ಬರಬಹುದು.

ಅವನ ಅಂಗಡಿಗೆ ಕಾಲಿಟ್ಟ ಹೊಸಬರು ಮಾತ್ರ ಐದು ನಿಮಿಷದಲ್ಲಿ ಕಕ್ಕಾಬಿಕ್ಕಿಯಾಗುತ್ತಾರೆ. ಮರವನ್ನು ಕಚ್ಚಿ ಹಿಡಿಯುವ ವೈಸು ಉಳಿದ ಬಡಗಿಗಳಿಗೆಲ್ಲ ಮೇಜಿನ ಎಡ ತುದಿಯಲ್ಲಿದ್ದರೆ ಇವನಿಗೆ ಬಲ ತುದಿಯಲ್ಲಿ. ಗೋಡೆಯ ಮೇಲೆ ಗರಗಸ, ಉಳಿ, ಕೊಡತಿ ಎಲ್ಲವೂ ತಿರುಗಾಮುರುಗಾ. ಬೇರೆ ಬಡಗಿ ಬಂದು ಅಲ್ಲಿ ಒಂದು ಹಲಗೆ ಕೊಯ್ಯಲು ನಿಂತರೆ ಎಡವಿ ಎಡವಿ ಸುಸ್ತಾಗಿ ವಾಪಸು ಹೋಗುತ್ತಾನೆ.

ಆ ವೈಸು ಮೊದಲಿನಿಂದ ಬಲ ತುದಿಯಲ್ಲಿರಲಿಲ್ಲ. ಅಂಗಡಿ ಅವನ ಅಪ್ಪನದು, ಮೇಜೂ ಅಪ್ಪನದೇ. ಮಗ ಎಡಗೈಯಲ್ಲಿ ಚಮಚ ಹಿಡಿಯುವುದು, ಎಡಗೈಯಲ್ಲಿ ಪೆನ್ಸಿಲ್ಲು ಹಿಡಿಯುವುದು ನೋಡಿದರೆ ಅಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. “ಎಡಗೈಯವನಿಗೆ ಯಾವನು ಕೆಲಸ ಕೊಡ್ತಾನೋ? ಉಪವಾಸ ಬೀಳ್ತೀಯ,” ಎನ್ನುತ್ತಿದ್ದ. ಅಂಟು ಹಚ್ಚಿದ ಕುರ್ಚಿಯ ಕಾಲು ಒಣಗುವವರೆಗೆ ಅಲುಗಾಡಬಾರದೆಂದು ಬಿಗಿಯಲು ಅಂಗಡಿಯಲ್ಲಿ ದಪ್ಪ ಬಟ್ಟೆಯ ಪಟ್ಟಿಗಳಿರುತ್ತವೆ. ಅದರಲ್ಲೊಂದನ್ನು ತಂದು, ಊಟದ ಹೊತ್ತಿಗೆ, ಬರೆಯುವ ಹೊತ್ತಿಗೆ, ಮಗನ ಎಡಗೈಯನ್ನು ಸೊಂಟಕ್ಕೆ ಸೇರಿಸಿ ಕಟ್ಟುತ್ತಿದ್ದ. ಕಟ್ಟುವಾಗ ಒಂದು ಸಲವೂ ಮಗನ ಮುಖ ನೋಡಿದವನಲ್ಲ. ಗೋಡೆಯ ಕಡೆ ತಿರುಗಿಕೊಂಡು ಕೈಯಂದಾಜಿನಲ್ಲೇ ಗಂಟು ಹಾಕುತ್ತಿದ್ದ. ತನ್ನ ಮುಖ ಕಂಡರೇ ಅಪ್ಪನಿಗೆ ಆಗುವುದಿಲ್ಲ ಎಂದು ಹುಡುಗ ತಿಳಿದುಕೊಂಡ.

ಮೂರು ವರ್ಷ ಹೀಗೆ ನಡೆಯಿತು. ಹನ್ನೊಂದನೇ ವಯಸ್ಸಿನಲ್ಲಿ, ಅಂಗಡಿಯಲ್ಲಿ ಒತ್ತಾಯಕ್ಕೆ ಬಲಗೈಯಲ್ಲಿ ಉಳಿ ಹಿಡಿದಾಗ ಅದು ಜಾರಿ ಎಡಗೈಯ ತೋರುಬೆರಳ ತುದಿ ಹಾರಿಹೋಯಿತು. ಆಸ್ಪತ್ರೆಯಿಂದ ಬಂದ ಮೇಲೆ ಒಂದು ಬೆಳಿಗ್ಗೆ ಹುಡುಗ ಅಂಗಡಿಗೆ ಹೋಗಿ ನೋಡಿದರೆ ಅಪ್ಪ ವೈಸು ಬಿಚ್ಚಿ ಬಲ ತುದಿಗೆ ಕೂರಿಸಿದ್ದ. ಅಷ್ಟೇ. ತಪ್ಪಾಯಿತು ಗಿಪ್ಪಾಯಿತು ಏನೂ ಇಲ್ಲ. ಕಟ್ಟುವ ಪಟ್ಟಿ ಮತ್ತೆ ಕುರ್ಚಿಗಳ ಪಾಲಾಯಿತು. ನನಗೆ ಮಕ್ಕಳಾದರೆ ಅವರ ಕೈ ಮುಟ್ಟುವುದಿಲ್ಲ, ಯಾವ ಕೈಯಲ್ಲಾದರೂ ತಿನ್ನಲಿ, ಬರೆಯಲಿ ಎಂದು ಹುಡುಗ ಆವತ್ತೇ ಆಣೆ ಹಾಕಿಕೊಂಡ.

ಮಗು ಆಗುವ ಹೊತ್ತಿಗೆ ಆ ಹುಡುಗನಿಗೆ ಮೂವತ್ತೊಂಬತ್ತು. ಅಪ್ಪ ತೀರಿಕೊಂಡು ಆರು ವರ್ಷ. ಹೆಂಡತಿ ಎರಡು ಬೀದಿ ಆಚೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ದಿನಕ್ಕೆ ಎಂಬತ್ತು ಅಂಗಿ. ಏಳನೇ ತಿಂಗಳಿಗೆ ಕಾಲಿಟ್ಟಿದ್ದಳಷ್ಟೇ, ಒಂದು ಮಧ್ಯಾಹ್ನ ಇಸ್ತ್ರಿ ಮೇಜಿನ ಮುಂದೆಯೇ ನೋವು ಕಾಣಿಸಿಕೊಂಡಿತು. ಸಂಜೆಗೆ ಹೆರಿಗೆ. ಹುಟ್ಟಬೇಕಾದ ದಿನಕ್ಕಿಂತ ಹನ್ನೆರಡು ವಾರ ಮುಂಚೆ, ಒಂದು ಕಿಲೋಗೆ ಇಪ್ಪತ್ತು ಗ್ರಾಂ ಕಮ್ಮಿ ತೂಕದ ಹೆಣ್ಣು ಮಗು. ಗಾಜಿನ ಪೆಟ್ಟಿಗೆಯೊಳಗೆ ವೈರುಗಳ ನಡುವೆ ಮಲಗಿಸಿದ್ದ ಮಗಳನ್ನು ನೋಡಿ ಬಡಗಿಯ ಬಾಯಿಂದ ಹೊರಬಿದ್ದ ಮೊದಲ ಮಾತು: “ಇದೇನು, ಒಂದು ಚಕ್ಕೆಯಷ್ಟಿದಾಳಲ್ಲ!”

ಮರ ಕೆತ್ತುವಾಗ ಹಾರಿ ಬೀಳುವ ಚೂರಿಗೆ ಚಕ್ಕೆ ಎನ್ನುತ್ತಾರೆ. ಅತ್ತೆ, ಅಂದರೆ ಹೆಂಡತಿಯ ತಾಯಿ, ಹೌಹಾರಿದಳು. “ಅಳಿಯಂದ್ರೇ, ಹುಟ್ಟಿದ ಮಗೂನ ಚಕ್ಕೆ ಅಂತೀರಲ್ಲ, ನಾಲಿಗೆಗೆ ಮೂಳೆ ಬೇಡ್ವಾ?” ಆದರೆ ಬಡಗಿಯ ಅಂಟು, ಅಂಟಿದ್ದು ಬಿಡುವುದುಂಟೇ? ವಾರ ಕಳೆಯುವಷ್ಟರಲ್ಲಿ ವಾರ್ಡಿನ ನರ್ಸುಗಳೆಲ್ಲ ಚಕ್ಕೆ ಹಾಲು ಕುಡಿದಳು, ಚಕ್ಕೆ ಕಣ್ಣು ಬಿಟ್ಟಳು ಎನ್ನತೊಡಗಿದರು. ಅತ್ತೆಯೂ ಅನ್ನತೊಡಗಿದಳು, ಆದರೆ ಪಿಸುಮಾತಿನಲ್ಲಿ.

ನಾಲ್ಕನೇ ದಿನ ಡಾಕ್ಟರು ಬಡಗಿಯೊಬ್ಬನನ್ನೇ ಕರೆದು ಕೂರಿಸಿಕೊಂಡರು. ನೆತ್ತಿಯ ಮೆತ್ತನೆ ಜಾಗದಿಂದ ತಲೆಯೊಳಗಿನ ಸ್ಕ್ಯಾನು ತೆಗೆದಿದ್ದರು.

“ಮೆದುಳಿನ ಒಳಗಡೆ ನೀರಿರೋ ಪುಟ್ಟ ಪುಟ್ಟ ಕೋಣೆಗಳಿರ್ತವೆ. ಇಷ್ಟು ಬೇಗ ಹುಟ್ಟಿದ ಮಕ್ಕಳಲ್ಲಿ ಆ ಕೋಣೆಗಳ ಪಕ್ಕದ ರಕ್ತನಾಳ ತುಂಬಾ ನಾಜೂಕು. ಮೊದಲ ಕೆಲವು ದಿನದಲ್ಲಿ ಒಡೆದು ರಕ್ತ ಸೋರೋದುಂಟು. ನಿಮ್ಮ ಮಗೂಗೂ ಸೋರಿದೆ. ಬಲಗಡೆ ಒಂದನೇ ಗ್ರೇಡು, ಎಡಗಡೆ ನಾಲ್ಕನೇ ಗ್ರೇಡು.”

ರಕ್ತ ಎಂಬ ಮಾತಿಗೆ ಬಡಗಿಯ ಕಿವಿ ಗುಂಯ್ ಎಂದಿತು. ಆಮೇಲಿನ ಮಾತಿನ ತಲೆಬುಡ ತಿಳಿಯಲಿಲ್ಲ. ನಂಬರು ಮಾತ್ರ ತಿಳಿಯಿತು. ನಂಬರು ಅವನ ಕಸುಬಿನದು. ಮರ ಉಜ್ಜುವ ಪಾಲಿಶ್ ಪೇಪರಿಗೆ ನಂಬರಿರುತ್ತದೆ. ಸಣ್ಣ ನಂಬರು ಎಂದರೆ ಒರಟು, ಕೈ ಕೆರೆಯುತ್ತದೆ. ನಂಬರು ಏರಿದಷ್ಟೂ ನಯ. ಅವನು ಹೊರಗೆ ಬಂದು ಹೆಂಡತಿಗೆ ಹೇಳಿದ: “ಬಲಗಡೆ ಸ್ವಲ್ಪ ಒರಟಂತೆ. ಒಂದನೇ ನಂಬರು. ಎಡಗಡೆ ಪರವಾಗಿಲ್ಲ, ನಾಲ್ಕು.”

ಎರಡು ದಿನ ಅವನು ಆ ವಾರ್ಡಿನಲ್ಲಿ ನಗುನಗುತ್ತಾ ಓಡಾಡಿದ. ಕೊನೆಗೆ ಹಿರಿಯ ನರ್ಸೊಬ್ಬಳು ತಡೆಯಲಾರದೆ ಕೇಳಿದಳು. ಅವನು ಕಾರಣ ಹೇಳಿದ. ಅವಳು ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟಳು.

“ಅಯ್ಯೋ ಅಣ್ಣಾ, ಇದು ಪಾಲಿಶ್ ಪೇಪರ್ ಅಲ್ಲ. ಇಲ್ಲಿ ನಂಬರು ದೊಡ್ಡದಾದಷ್ಟೂ ಪೆಟ್ಟು ದೊಡ್ಡದು. ಒಂದು ಅಂದ್ರೆ ಸಣ್ಣದು, ತಾನಾಗೇ ಹೋಗುತ್ತೆ. ನಾಲ್ಕು ಅಂದ್ರೆ ರಕ್ತ ಕೋಣೆ ದಾಟಿ ಸುತ್ತಲಿನ ಮೆದುಳಿಗೂ ಹೋಗಿದೆ ಅಂತ.”

ಬಡಗಿ ನೆಟ್ಟಗೆ ಡಾಕ್ಟರ ಕೋಣೆಗೆ ನುಗ್ಗಿದ. “ಎಡಗಡೆ ಏನಾಗುತ್ತೆ ಸಾರ್?” ಡಾಕ್ಟರು ಬೈಯಲಿಲ್ಲ. ಮಗುವಿನ ಆಸ್ಪತ್ರೆ ಕಾರ್ಡಿನ ಹಿಂದುಗಡೆ ಒಂದು ತಲೆ, ಕೆಳಗೆ ಎರಡು ಕೈ ಬರೆದು, ತಲೆಯಿಂದ ಕೆಳಕ್ಕೆ ಎರಡು ಗೆರೆ ಎಳೆದು, ತಾಳ್ಮೆಯಿಂದ ಮತ್ತೆ ವಿವರಿಸಿದರು. ಒಂದು ಪಕ್ಕದ ಕೈಕಾಲು ಹಿಂದೆ ಬೀಳಬಹುದು. ಏನೂ ಆಗದೆಯೂ ಇರಬಹುದು. ಮಾತು, ನಡಿಗೆ ತಡವಾಗಬಹುದು, ಆಗದಿರಬಹುದು. ಒಂದೇ ತರಹದ ಸ್ಕ್ಯಾನಿರುವ ಇಬ್ಬರು ಮಕ್ಕಳು ಎರಡು ತರಹ ಬೆಳೆಯುತ್ತಾರೆ. “ಈಗಲೇ ಖಚಿತವಾಗಿ ಹೇಳಕ್ಕಾಗಲ್ಲ. ನೋಡೋಣ,” ಎಂದರು.

ನಕ್ಷೆ ಓದುವುದರಲ್ಲಿ ಎಡಚನನ್ನು ಮೀರಿಸಿದವರಿಲ್ಲ. ಆವತ್ತು ಮಾತ್ರ ಕಣ್ಣಲ್ಲಿ ನೀರು ತುಂಬಿ ಆ ಗೆರೆ ಎಲ್ಲಿ ಹುಟ್ಟಿ ಎಲ್ಲಿ ಹೋಯಿತೆಂದೇ ಕಾಣಿಸಲಿಲ್ಲ. ಕಾರ್ಡನ್ನು ಜೇಬಿಗೆ ಹಾಕಿಕೊಂಡು ಬಂದ. ತಲೆಯಲ್ಲಿ ಉಳಿದದ್ದು ಎರಡೇ ಮಾತು. ಒಂದು ‘ಎಡಗಡೆ’, ಇನ್ನೊಂದು ‘ನೋಡೋಣ’.

ಆ ‘ನೋಡೋಣ’ದ ಮೇಲೆ ಅವನಿಗೆ ಹುಟ್ಟಿದ ಸಿಟ್ಟು ಅಷ್ಟಿಷ್ಟಲ್ಲ. “ಬಾಗಿಲು ಯಾವಾಗ ಕೊಡ್ತೀಯ ಅಂತ ಗಿರಾಕಿ ಕೇಳಿದ್ರೆ ನಾನು ನೋಡೋಣ ಅಂದ್ರೆ ಬಿಡ್ತಾರಾ? ಇಷ್ಟು ಓದಿದೋರು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ತಾರೆ,” ಎಂದು ಬೇಕರಿಯವನ ಮುಂದೆ ಕೂಗಾಡಿದ. ಬೇಕರಿಯವನು ಒಂದು ಲೋಟ ಚಹಾ ಕೊಟ್ಟ. ಡಾಕ್ಟರಿಗೆ ನಿಜವಾಗಿಯೂ ಗೊತ್ತಿರಲಿಲ್ಲ ಎಂಬುದು ಬಡಗಿಗೆ ಹೊಳೆಯಲೇ ಇಲ್ಲ. ಗೊತ್ತಿಲ್ಲದಿರುವುದಕ್ಕೂ ಮುಚ್ಚಿಡುವುದಕ್ಕೂ ಇರುವ ವ್ಯತ್ಯಾಸ ಹೆತ್ತವರಿಗೆ ಅಂಥ ಹೊತ್ತಿನಲ್ಲಿ ಹೇಗೆ ತಿಳಿಯಬೇಕು?

ಎಂಬತ್ತು ದಿನದ ಮೇಲೆ ಚಕ್ಕೆ ಮನೆಗೆ ಬಂದಳು. ಬರುವಾಗ ಒಂದಲ್ಲ, ಎರಡು ವಯಸ್ಸು ಹೊತ್ತುಕೊಂಡು ಬಂದಳು. ಹುಟ್ಟಿದ ದಿನದಿಂದ ಎಣಿಸುವ ವಯಸ್ಸು ಒಂದು, ಹುಟ್ಟಬೇಕಾಗಿದ್ದ ದಿನದಿಂದ ಎಣಿಸುವ ವಯಸ್ಸು ಇನ್ನೊಂದು. ತಲೆ ನಿಂತಿತೇ, ನಕ್ಕಳೇ, ಮಗುಚಿದಳೇ ಎಂದು ನೋಡುವುದಕ್ಕೆ ಎರಡನೆಯದನ್ನು ಲೆಕ್ಕ ಹಿಡಿಯಬೇಕು ಎಂದು ನರ್ಸು ಬಿಡಿಸಿ ಹೇಳಿ ಕಳಿಸಿದ್ದಳು. ಅತ್ತೆ ಮೂರು ಸಲ ಕೇಳಿಸಿಕೊಂಡು ಕೈಚೆಲ್ಲಿದಳು. “ಒಂದು ಮಗೂಗೆ ಎರಡು ವಯಸ್ಸಾ? ನನಗಿರೋ ಒಂದರಲ್ಲೇ ಸಾಕಾಗಿ ಹೋಗಿದೆ.”

ಬಡಗಿ ವಯಸ್ಸಿನ ತಂಟೆಗೆ ಹೋಗಲಿಲ್ಲ. ಅವನಿಗಿದ್ದದ್ದು ಒಂದೇ ಚಿಂತೆ, ಎಡಗೈ. ಪೆಟ್ಟು ಬಿದ್ದದ್ದು ಎಡಗಡೆ ತಾನೇ? ಅಂಗಡಿಗೆ ಹೊರಡುವ ಮುಂಚೆ ದಿನಾ ಬೆಳಿಗ್ಗೆ ತನ್ನ ಬೆರಳನ್ನು ಅವಳ ಎಡ ಅಂಗೈಯಲ್ಲಿಟ್ಟು ಹಿಡಿಯುತ್ತಾಳೋ ಎಂದು ಕಾಯುತ್ತಿದ್ದ. ಎಡಗಾಲಿಗೆ ಕಚಗುಳಿಯಿಟ್ಟು ಒದೆಯಿಸಿಕೊಳ್ಳುತ್ತಿದ್ದ. ಅಂಗಡಿಯಲ್ಲಿ ಒಳ್ಳೆಯ ಮರದ ತುಂಡು ಹುಡುಕಿ ಒಂದು ಪುಟ್ಟ ಬಳೆ ಕಡೆದ. ತನ್ನಲ್ಲಿದ್ದ ಅತಿ ದೊಡ್ಡ ನಂಬರಿನ ಕಾಗದದಿಂದ ಅದನ್ನು ಬೆಣ್ಣೆಯಂತೆ ಉಜ್ಜಿ, ತೊಟ್ಟಿಲಿಗೆ ಅಡ್ಡಲಾಗಿ ತೂಗುಬಿಟ್ಟ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ.

ಒಂದು ವಯಸ್ಸಿನ ಲೆಕ್ಕದಲ್ಲಿ ಏಳು ತಿಂಗಳು, ಇನ್ನೊಂದರಲ್ಲಿ ನಾಲ್ಕು ತುಂಬಿದ ವಾರ, ಚಕ್ಕೆಯ ಎಡಗೈ ಮೇಲೆದ್ದು ಗಾಳಿಯಲ್ಲಿ ತಡಕಾಡಿ ಬಳೆಯನ್ನು ಹಿಡಿಯಿತು. ಹಿಡಿದದ್ದನ್ನು ಬಿಡಲೇ ಇಲ್ಲ. ಬಡಗಿ ಬರಿಗಾಲಲ್ಲಿ ಬೇಕರಿಗೆ ಓಡಿದ. ಮರುದಿನದಿಂದ ಆ ಎಡಗೈಯ ದರ್ಬಾರು ಶುರುವಾಯಿತು. ಚಮಚ ಎಡಗೈಗೆ, ಅಜ್ಜಿಯ ಕನ್ನಡಕ ಎಡಗೈಗೆ, ಅಪ್ಪನ ಮೀಸೆ ಎಡಗೈಗೆ. ಬಲ ಪಕ್ಕದಲ್ಲಿ ಏನಿಟ್ಟರೂ ಎಡಗೈಯೇ ಎದೆ ದಾಟಿ ಹೋಗಿ ತರುತ್ತಿತ್ತು.

“ಎಡಚಿ! ನನ್ನ ಮಗಳು ಎಡಚಿ ಕಣಯ್ಯ! ಎಡಗಡೆ ಹೋಗಿದೆ ಅಂದ್ರಲ್ಲ, ಬಂದು ನೋಡಲಿ ಈಗ!” ಎಂದು ಬೀದಿಗೆಲ್ಲ ಸಾರಿದ. ಬೇಕರಿಯಿಂದ ಒಂದು ಬುಟ್ಟಿ ಬನ್ನು ತರಿಸಿ ಸಿಕ್ಕಸಿಕ್ಕವರಿಗೆ ಹಂಚಿದ. ಪಾಪದವನಿಗೆ ಖುಷಿ ಎರಡು ತರಹದ್ದು. ಮಗಳು ಪಾರಾದಳು ಎಂಬುದು ಒಂದು. ತನ್ನದೇ ಕೈ ಅವಳಿಗೆ ಬಂದಿದೆ, ಅದನ್ನು ಯಾರೂ ಕಟ್ಟುವುದಿಲ್ಲ ಎಂಬುದು ಇನ್ನೊಂದು. ಎರಡರಲ್ಲಿ ಯಾವುದು ದೊಡ್ಡದೆಂದು ಅವನಿಗೇ ಗೊತ್ತಿರಲಿಲ್ಲ.

ಬಲಗೈ ಏನು ಮಾಡುತ್ತಿತ್ತು? ಯಾರೂ ಕೇಳಲಿಲ್ಲ. ಅದು ಹೆಬ್ಬೆರಳನ್ನು ಒಳಗೆ ಮಡಚಿಕೊಂಡು ಮುಷ್ಟಿ ಕಟ್ಟಿಕೊಂಡೇ ಇರುತ್ತಿತ್ತು. “ಜಿಪುಣಿ, ಏನೋ ಬಚ್ಚಿಟ್ಕೊಂಡಿದಾಳೆ,” ಎಂದು ಅತ್ತೆ ನಗುತ್ತಿದ್ದಳು. ಮನೆಯಲ್ಲಿ ಆ ಕೈಯ ಬಗ್ಗೆ ನಗದಿದ್ದವಳು ಹೆಂಡತಿ ಒಬ್ಬಳೇ. ದಿನಕ್ಕೆ ನೂರ ಅರವತ್ತು ತೋಳುಗಳನ್ನು ಬಿಡಿಸಿ ಇಸ್ತ್ರಿ ಮಾಡುವ ಹೆಂಗಸು ಅವಳು. ತೋಳಿನ ವಿಷಯದಲ್ಲಿ ಅವಳಿಗೆ ಮೋಸ ಮಾಡುವುದು ಸುಲಭವಲ್ಲ.

“ರೀ, ಅಂಗಿ ಹಾಕೋವಾಗ ಎಡ ತೋಳು ಸರಕ್ಕನೆ ಹೋಗುತ್ತೆ. ಬಲ ತೋಳಿಗೆ ಕೈ ನೆಟ್ಟಗಾಗೋದೇ ಇಲ್ಲ. ಮೊಣಕೈ ಬಿಗಿಯಾಗಿ ಹಿಡ್ಕೊಂಡಿರ್ತಾಳೆ.”

“ಎಡಚರ ಬಲಗೈ ಹಾಗೇನೇ, ಸೋಮಾರಿ. ನಂದೇ ನೋಡು, ಬಲಗೈಲಿ ಒಂದು ಸ್ಕ್ರೂ ತಿರುಗ್ಸು ಅಂದ್ರೆ ಆಗಲ್ಲ.”

“ನಿಮ್ಮ ಬಲಗೈ ಅಂಗಿ ಒಳಗೆ ಹೋಗುತ್ತಲ್ಲ?”

ಉತ್ತರವಿಲ್ಲದ ಗಂಡಸರು ಮಾಡುವುದನ್ನೇ ಅವನೂ ಮಾಡಿದ. ದನಿ ಏರಿಸಿ ಗೆದ್ದ.

ಆ ವಾರದ ಕೊನೆಗೇ ಆಸ್ಪತ್ರೆಯಲ್ಲಿ ಬೆಳವಣಿಗೆ ನೋಡುವ ದಿನ ಗೊತ್ತಾಗಿತ್ತು. ಕಾರ್ಡಿನಲ್ಲಿ ‘ನಾಲ್ಕು ತಿಂಗಳು’ ಎಂದು ಬರೆದಿತ್ತು. “ಅವಳಿಗೆ ಏಳು ತುಂಬಿತಲ್ಲ, ನಾಲ್ಕರದ್ದು ಯಾವಾಗಲೋ ಮುಗೀತು,” ಎಂದು ಅತ್ತೆ ಗೊಂದಲ ಹುಟ್ಟಿಸಿದಳು. ಬಡಗಿಗೆ ಲೆಕ್ಕ ಗೊತ್ತಿತ್ತು, ಆದರೂ ಆ ಗೊಂದಲ ಅನುಕೂಲಕ್ಕೆ ಬಂತು. ಒಂದು ಶಾಲೆಗೆ ಹದಿನಾಲ್ಕು ಕಿಟಕಿ ಚೌಕಟ್ಟು ಕೊಡುವುದಿತ್ತು, ಹೇಳಿದ ದಿನಕ್ಕೆ ಕೊಡದಿದ್ದರೆ ಅವನು ಅವನೇ ಅಲ್ಲ. “ಎಡಗೈ ಕುಣೀತಾ ಇದೆ. ಹೋಗಿ ಏನು ತೋರಿಸೋದು? ಇನ್ನೊಂದು ಸಲ ನೋಡೋಣ,” ಎಂದ. ಕಿಟಕಿಯ ಅಳತೆಗಳನ್ನು ಜೇಬಿನಲ್ಲಿದ್ದ ಕಾರ್ಡಿನ ಬೆನ್ನ ಮೇಲೇ ಬರೆದುಕೊಂಡ. ಮುಂದಿನ ತಿಂಗಳೂ ಯಾವುದೋ ಕಪಾಟು ಅಡ್ಡ ಬಂತು.

ಎರಡು ತಿಂಗಳು ಹೀಗೆ ಜಾರಿದ ಮೇಲೆ ಒಂದು ಬೆಳಿಗ್ಗೆ ಹೆಂಡತಿ ಮಗುವಿಗೆ ಅಂಗಿ ಹಾಕುತ್ತಾ ಹಾಕುತ್ತಾ ಅರ್ಧಕ್ಕೇ ನಿಲ್ಲಿಸಿದಳು. ಬಲ ತೋಳು ಖಾಲಿ ಜೋತಾಡುತ್ತಿತ್ತು. ಮಗುವನ್ನು ಹಾಗೇ ಶಾಲಿನಲ್ಲಿ ಸುತ್ತಿದಳು.

“ಲಾಂಡ್ರಿಗೆ ರಜ ಹಾಕಿದೀನಿ. ನೀವು ಬರ್ತೀರೋ, ನಾನೊಬ್ಬಳೇ ಹೋಗ್ಲೋ?”

ಅವಳ ದನಿ ಏರಿರಲಿಲ್ಲ. ಅದಕ್ಕೇ ಅವನು ತೆಪ್ಪಗೆ ಚಪ್ಪಲಿ ಮೆಟ್ಟಿದ.

ಆಸ್ಪತ್ರೆಯ ಆ ಕೋಣೆಯಲ್ಲಿ ಮೇಜು ಕುರ್ಚಿ ಇರಲಿಲ್ಲ. ನೆಲಕ್ಕೆ ದಪ್ಪ ಚಾಪೆ, ಗೋಡೆಗೆ ನೆಲದವರೆಗೆ ಇಳಿದ ಕನ್ನಡಿ, ಮೂಲೆಯಲ್ಲಿ ದೊಡ್ಡ ದೊಡ್ಡ ಚೆಂಡು. ಥೆರಪಿ ಮಾಡುವ ಮೇಡಂ ಕುಳ್ಳಗಿನ ಹೆಂಗಸು, ಚಾಪೆಯ ಮೇಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಬಡಗಿ ಕೂರುವ ಮುಂಚೆಯೇ ಹೇಳಿದ: “ಎಡಚಿ ಮೇಡಂ. ನನ್ನ ಹಾಗೇ.”

ಮೇಡಂ ನಗಲಿಲ್ಲ. ಚಕ್ಕೆ ಹಿಡಿದುಕೊಂಡೇ ಬಂದಿದ್ದ ಮರದ ಬಳೆಯನ್ನು ತೆಗೆದು ಅವಳ ಬಲಕ್ಕೆ ಹಿಡಿದರು. ಎಡಗೈ ಎದೆ ದಾಟಿ ಬಂತು. ಮೇಡಂ ಆ ಎಡಗೈಯನ್ನು ಮೆಲ್ಲಗೆ ತಮ್ಮ ಕೈಯೊಳಗಿಟ್ಟುಕೊಂಡು ಬಳೆಯನ್ನು ಇನ್ನೂ ಹತ್ತಿರ ತಂದರು. ಬಲಗೈ ಹೆಗಲಿನಿಂದ ಒಂದಿಷ್ಟು ಎದ್ದಿತು. ಮೊಣಕೈ ಬಿಡಿಸಿಕೊಳ್ಳಲಿಲ್ಲ, ಮುಷ್ಟಿ ತೆರೆಯಲಿಲ್ಲ. ಚಕ್ಕೆ ಬಳೆಯನ್ನೇ ನೋಡುತ್ತಿದ್ದಳು. ಬೇಕೆಂಬ ಆಸೆ ಕಣ್ಣಲ್ಲೆಲ್ಲ ತುಂಬಿತ್ತು.

“ಎಷ್ಟು ದಿನದಿಂದ ಎಡಗೈ ಮಾತ್ರ ಆಡಿಸ್ತಿದಾಳೆ?”

“ಮೊದಲಿಂದಲೂ ಮೇಡಂ!” ಎಂದ, ಇನ್ನೂ ಹೆಮ್ಮೆಯಲ್ಲೇ.

“ಅಣ್ಣಾ, ಒಂದು ವರ್ಷದ ಒಳಗಿನ ಮಕ್ಕಳು ಎಡಚರೂ ಅಲ್ಲ, ಬಲಗೈಯವರೂ ಅಲ್ಲ. ಎರಡೂ ಕೈ ಆಡಬೇಕು. ಒಂದೇ ಕೈ ಆಡ್ತಿದೆ ಅಂದ್ರೆ ಇನ್ನೊಂದಕ್ಕೆ ಕಷ್ಟ ಇದೆ ಅಂತ.”

“ಅದು ಹೇಗಾಗುತ್ತೆ? ಪೆಟ್ಟಾಗಿದ್ದು ಎಡಗಡೆ. ಎಡಗೈ ಚೆನ್ನಾಗಿದೆ. ಇನ್ನೇನಾಗ್ಬೇಕು?”

ಮೇಡಂ ಕಾರ್ಡು ಕೇಳಿ ತೆಗೆದುಕೊಂಡು ಹಿಂದೆ ತಿರುಗಿಸಿದರು. ಕಿಟಕಿಯ ಅಳತೆಗಳ ಅಡಿಯಲ್ಲಿ ಡಾಕ್ಟರು ಬರೆದ ತಲೆ ಹಾಗೇ ಇತ್ತು. ಎಡದಿಂದ ಹೊರಟ ಗೆರೆ ಬಲಗೈಗೆ ಇಳಿದಿತ್ತು, ಬಲದಿಂದ ಹೊರಟದ್ದು ಎಡಗೈಗೆ. “ಇದನ್ನ ನಿಮಗೆ ಬರೆದುಕೊಟ್ಟಿದಾರಲ್ಲ. ಎಡ ಮೆದುಳು ನಡೆಸೋದು ಬಲಗೈನ. ದಾರಿ ಕತ್ತರಿ ಹಾಕ್ಕೊಂಡು ಹೋಗುತ್ತೆ.”

ಬಡಗಿ ಕಾರ್ಡು ನೋಡಿದ. ಮಡಚುವ ಸ್ಟೂಲಿನ ಕಾಲು! ಮೇಲೆ ಎಡಕ್ಕಿರುವ ಕಾಲು ಕೆಳಗೆ ಬಲಕ್ಕೆ ಹೋಗಿ ನಿಲ್ಲುತ್ತದೆ. ಜೀವಮಾನವೆಲ್ಲ ಅಂಥ ಕಾಲು ನೂರಾರು ಜೋಡಿಸಿದವನು ಒಂಬತ್ತು ತಿಂಗಳಿಂದ ಆ ಚಿತ್ರವನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದ. ಅದರ ಮೇಲೆ ಕಿಟಕಿಯ ಲೆಕ್ಕ ಬರೆದಿದ್ದ.

ಸ್ವಲ್ಪ ಹೊತ್ತು ಅವನಿಗೆ ಯಾವುದು ಎಡ ಯಾವುದು ಬಲ ಎಂಬುದೇ ಕಲಸಿಹೋಯಿತು. ಕನ್ನಡಿಯಲ್ಲಿ ಮಗಳನ್ನು ನೋಡಿದ, ಅಲ್ಲಿ ಕೈಗಳು ಇನ್ನೊಮ್ಮೆ ಅದಲುಬದಲಾಗಿ ಕಂಡವು. ಕಣ್ಣು ಮುಚ್ಚಿಕೊಂಡು ತನ್ನ ಬೆರಳ ತುದಿ ಇಲ್ಲದ ಕೈಯನ್ನು ಮುಟ್ಟಿ, ಇದು ಎಡ ಎಂದು ಖಾತ್ರಿ ಮಾಡಿಕೊಂಡ.

“ಹಾಗಾದ್ರೆ... ಇವಳು ಎಡಚಿ ಅಲ್ವಾ?”

“ಇರಬಹುದು, ಇಲ್ಲದೆಯೂ ಇರಬಹುದು. ಈ ಪೆಟ್ಟಾಗದೇ ಇದ್ದಿದ್ರೆ ಯಾವ ಕೈಯವಳಾಗ್ತಿದ್ಲೋ, ಅದನ್ನ ಈಗ ಯಾರೂ ಹೇಳಕ್ಕಾಗಲ್ಲ.”

ಅವನು ಚಾಪೆಯ ಮೇಲೆ ಕುಸಿದು ಕೂತ. ಬನ್ನು ಹಂಚಿದ್ದು ನೆನಪಾಯಿತು. ಅವನು ಕುಣಿದದ್ದು ತನ್ನ ಕೈ ಮಗಳಿಗೆ ಬಂತೆಂದೋ, ಮಗಳ ಪೆಟ್ಟಿಗೋ? ಆ ಎಡಗೈಯಲ್ಲಿ ತನ್ನದೆಷ್ಟು, ರಕ್ತ ಸೋರಿದ್ದರದೆಷ್ಟು? ಬೇರೆ ಮಾಡಿ ತೋರಿಸುವ ಉಳಿ ಯಾವ ಅಂಗಡಿಯಲ್ಲೂ ಇಲ್ಲ.

“ಎರಡು ತಿಂಗಳು ಕರ್ಕೊಂಡು ಬರಲಿಲ್ಲ ಮೇಡಂ. ನಾನೇ ಹಾಳು ಮಾಡಿಬಿಟ್ಟೆನಾ?”

“ಆಗಲೇ ಬಂದಿದ್ರೆ ಒಳ್ಳೇದಿತ್ತು, ನಿಮ್ಮ ಹತ್ರ ಸುಳ್ಳು ಹೇಳಲ್ಲ. ಆದ್ರೆ ಈಗಲೂ ತಡ ಆಗಿಲ್ಲ. ಈ ವಯಸ್ಸಲ್ಲಿ ಮೆದುಳು ಹೊಸ ದಾರಿ ಮಾಡ್ಕೊಳ್ಳುತ್ತೆ. ಕೈ ಕೆಲಸ ಕೇಳಬೇಕು ಅಷ್ಟೇ.” ಮೇಡಂ ಪಕ್ಕದ ಬುಟ್ಟಿಯಿಂದ ಬೆರಳಿಲ್ಲದ ಪುಟ್ಟ ಚೀಲದಂಥ ಒಂದು ಕೈಗವಸು ತೆಗೆದರು. “ದಿನಕ್ಕೆ ಅರ್ಧ ಗಂಟೆ ಇದನ್ನ ಎಡಗೈಗೆ ಹಾಕಿ. ಆಗ ಬಲಗೈ ಆಡಲೇಬೇಕಾಗುತ್ತೆ. ಆರು ವಾರ ಮಾಡಿ ನೋಡೋಣ. ಇದು ಆಟ, ಶಿಕ್ಷೆ ಅಲ್ಲ. ಅತ್ತರೆ ತೆಗೀರಿ, ಮತ್ತೆ ಹಾಕಿ.”

ಬಡಗಿ ಎದ್ದು ನಿಂತ.

“ಎಡಗೈ ಕಟ್ಟೋದಾ? ನನ್ನ ಮಗಳದ್ದಾ? ಆಗಲ್ಲ ಮೇಡಂ. ನನ್ನ ಕೈಲಾಗಲ್ಲ.”

ಹೊರಗೆ ನಡೆದೇಬಿಟ್ಟ. ಹೆಂಡತಿ ಅಲ್ಲೇ ಕೂತು, ಕೈಗವಸು ಹೇಗೆ ಹಾಕುವುದು, ಬಲಗೈಗೆ ಏನು ಕೊಡುವುದು, ಎಷ್ಟು ಹೊತ್ತು ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡು ಬಂದಳು.

ಮೂರು ದಿನ ಆ ಕೈಗವಸು ಕಪಾಟಿನ ಮೇಲೆ ಬಿದ್ದಿತ್ತು. ಅತ್ತೆ ಒಂದು ಸಲ ಹಾಕಲು ಹೋದಳು, ಮಗು ತುಟಿ ಸೊಟ್ಟ ಮಾಡಿದ್ದೇ ತಡ, ಅವಳೇ ಮೊದಲು ಅತ್ತು ಬಿಚ್ಚಿಬಿಟ್ಟಳು. ನಾಲ್ಕನೇ ದಿನ ಹೆಂಡತಿ ಲಾಂಡ್ರಿಗೆ ಹೊರಡುತ್ತಾ ಕೈಗವಸನ್ನು ಗಂಡನ ಮಡಿಲಿಗೆ ಹಾಕಿದಳು.

“ನಾನು ಬರೋ ಹೊತ್ತಿಗೆ ಅವಳು ನಿದ್ದೆಗೆ ಜಾರಿರ್ತಾಳೆ. ಎಚ್ಚರ ಇರೋ ಹೊತ್ತಲ್ಲಿ ನೀವೇ ಮಾಡಬೇಕು.”

“ನನಗೆ ಮೂರು ವರ್ಷ ಕಟ್ಟಿದ್ರು ಕಣೇ.”

“ಗೊತ್ತು. ನಿಮಗೆ ಕಟ್ಟಿದ್ದು ಈ ಕೈ ಬೇಡ ಅಂತ. ಇವಳಿಗೆ ಹಾಕೋದು ಇನ್ನೊಂದೂ ಇರಲಿ ಅಂತ.”

“ಅದು ಅವಳಿಗೆ ಗೊತ್ತಾಗುತ್ತಾ?”

ಹೆಂಡತಿ ಬಾಗಿಲಲ್ಲಿ ನಿಂತು ಯೋಚಿಸಿದಳು. ಹೊತ್ತಾಯಿತೆಂದು ಹೊರಟುಹೋದಳು.

ಬೆಳಗಿನ ಬಿಸಿಲು ಚಾಪೆಯ ಮೇಲೆ ಬಿದ್ದಿತ್ತು. ಬಡಗಿ ಮಗಳನ್ನು ತೊಡೆಗೆ ಆನಿಸಿ ಕೂರಿಸಿಕೊಂಡ. ಎಡಗೈ ಆಗಲೇ ಅವನ ಮೀಸೆಗೆ ಬಂದಿತ್ತು. ಅದನ್ನು ಬಿಡಿಸಿ, ಐದು ಬೆರಳನ್ನೂ ಮೆತ್ತಗೆ ಕೂಡಿಸಿ, ಕೈಗವಸಿನೊಳಗೆ ತೂರಿಸಿ, ಮಣಿಕಟ್ಟಿನಲ್ಲಿ ದಾರ ಎಳೆದು ಗಂಟು ಹಾಕಿದ. ಗಂಟು ಬಿದ್ದ ಮೇಲೆ ಅವನಿಗೆ ಗೊತ್ತಾಯಿತು, ತಾನು ನೋಡುತ್ತಿರುವುದು ಗೋಡೆಯನ್ನು ಎಂದು.

ಬರಿಯ ಗೋಡೆ. ಒಂದು ಮೊಳೆ, ಸುಣ್ಣದ ಒಂದು ಬಿರುಕು, ಮತ್ತೇನೂ ಇಲ್ಲ. ಅವನ ಅಪ್ಪನೂ ಮೂರು ವರ್ಷ ಇಂಥದ್ದೇ ಗೋಡೆ ನೋಡಿದ್ದ. ಮಗನ ಮುಖ ಕಂಡರೆ ಆಗದೆ ತಿರುಗಿಕೊಂಡವನಲ್ಲ. ಮುಖ ನೋಡಿದರೆ ಗಂಟು ಹಾಕಲು ಆಗುವುದಿಲ್ಲವೆಂದು ತಿರುಗಿಕೊಂಡವನು. ಇರಬಹುದು, ಇಲ್ಲದೆಯೂ ಇರಬಹುದು. ಕೇಳಲು ಅಪ್ಪ ಇಲ್ಲ.

ಅವನು ಮುಖ ಈಚೆ ತಿರುಗಿಸಿದ. ಚಕ್ಕೆ ಅವನನ್ನೇ ನೋಡುತ್ತಿದ್ದಳು, ಕೆಳತುಟಿ ನಡುಗುತ್ತಿತ್ತು.

“ನಾನೇ ಕಣೇ ಕಟ್ಟಿದ್ದು. ನೋಡು, ನಾನೇ. ಅಪ್ಪಾನೇ,” ಎಂದ. ಹೇಳಿ, ತನ್ನ ಎಡಗೈಯನ್ನು ಅಂಗಿಯ ಒಳಕ್ಕೆ ಎಳೆದುಕೊಂಡ. ಖಾಲಿ ತೋಳು ಜೋತುಬಿತ್ತು. ಬಲಗೈಯಲ್ಲಿ ಮರದ ಬಳೆ ಎತ್ತಿದ, ಜಾರಿತು. ಮತ್ತೆ ಎತ್ತಿದ, ಉರುಳಿಹೋಯಿತು. ಊರಿಗೆಲ್ಲ ಬಾಗಿಲು ಮಾಡಿಕೊಟ್ಟವನು ಒಂದು ಬಳೆ ಹಿಡಿಯಲು ಪರದಾಡುವುದನ್ನು ನೋಡಿ ಚಕ್ಕೆಗೆ ಅಳುವುದು ಮರೆತುಹೋಯಿತು. ಬಾಯಿ ತೆರೆದು ನೋಡಿದಳು. ಉರುಳಿದ ಬಳೆ ಅವಳ ಬಲ ಮೊಣಕಾಲಿಗೆ ಬಂದು ತಾಗಿ ನಿಂತಿತು.

ಕೈಗವಸಿನ ಕೈ ಅದನ್ನು ಎರಡು ಸಲ ತಟ್ಟಿತು, ಹಿಡಿತಕ್ಕೆ ಸಿಗಲಿಲ್ಲ. ಆಮೇಲೆ ಬಲ ಹೆಗಲು ಎದ್ದಿತು. ಮುಷ್ಟಿ, ಹೆಬ್ಬೆರಳು ಒಳಗಿಟ್ಟುಕೊಂಡೇ, ತಡೆದು ತಡೆದು ಇಳಿದು ಬಳೆಯ ಮೇಲೆ ಬಿತ್ತು. ತೆರೆಯಲಿಲ್ಲ. ಅಲ್ಲೇ ಇತ್ತು. ಕಿರುಬೆರಳೊಂದೇ ಅಲುಗಿದಂತೆ ಕಂಡಿತು, ಬಿಸಿಲಿಗೆ ಹಾಗೆ ಕಂಡಿತೋ ಏನೋ.

ಅರ್ಧ ಗಂಟೆ ಮುಗಿದು ಗಂಟು ಬಿಚ್ಚಿದಾಗ ಎಡಗೈ ನೇರ ಬಂದು ಮೀಸೆ ಹಿಡಿದು ಜಗ್ಗಿತು. ಬಡಗಿ ಜಗ್ಗಿಸಿಕೊಂಡ. ಕಣ್ಣಲ್ಲಿ ನೀರು ಬಂದದ್ದಕ್ಕೆ ಮೀಸೆಯ ನೆಪ ಸಿಕ್ಕಿತು.

ಅತ್ತೆ ಒಳಗಿನಿಂದ ಇಣುಕಿದಳು. “ಏನಾಯ್ತು ಅಳಿಯಂದ್ರೇ? ಬಲಗೈ ಹಿಡೀತಾ? ಸರಿಯಾಗುತ್ತಾ?”

“ನೋಡೋಣ ಅತ್ತೆ,” ಎಂದ ಬಡಗಿ.